ಹಂಚಿಕೆ, ಋಣ, ಬಂಧ: ಪರಮಾಣು ರಚನೆಯ ಕನ್ನಡವೂ ಕೋಲಾರದ ಚಿನ್ನವೂ

೧. ಪೀಠಿಕೆ

ಕನ್ನಡದಲ್ಲಿ ವಿಜ್ಞಾನ ಬೋಧನೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ನಡೆದಿದೆ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ಹೊರತಂದ ‘ವಿಜ್ಞಾನ’ ಮಾಸಪತ್ರಿಕೆಯಿಂದ ಹಿಡಿದು ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, ಜೆ. ಆರ್. ಲಕ್ಷ್ಮಣರಾವ್ ಅವರ ‘ಪರಮಾಣು ಚರಿತ್ರೆ’, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದವರೆಗೆ ಒಂದೇ ಪ್ರಶ್ನೆ ಬೇರೆಬೇರೆ ರೂಪಗಳಲ್ಲಿ ಎದುರಾಗಿದೆ. ಹೊಸ ಪರಿಕಲ್ಪನೆಗೆ ಸಂಸ್ಕೃತದಿಂದ ಪದ ಕಟ್ಟಬೇಕೆ, ಇಂಗ್ಲಿಷಿನ ಪದವನ್ನೇ ಉಳಿಸಿಕೊಳ್ಳಬೇಕೆ, ಅಚ್ಚಗನ್ನಡದಲ್ಲಿ ಹುಡುಕಬೇಕೆ ಎಂಬುದೇ ಆ ಪ್ರಶ್ನೆ.

ಈ ಚರ್ಚೆ ಅಗತ್ಯವಾದುದೇ. ಆದರೆ ಅದು ನಾಮಪದಗಳ ಮೇಲೆ ಮಾತ್ರ ಗಮನವಿಟ್ಟಿತು. ‘ಎಲೆಕ್ಟ್ರಾನ್’, ‘ಸಹವೇಲೆನ್ಸೀಯ ಬಂಧ’ ಮುಂತಾದ ಪದಗಳು ವಿದ್ಯಾರ್ಥಿಗೆ ಅಪರಿಚಿತವಾಗಿರುತ್ತವೆ. ಆದ್ದರಿಂದಲೇ ಆತ ಅವುಗಳ ಅರ್ಥವನ್ನು ಕೇಳಿ ತಿಳಿಯುತ್ತಾನೆ. ‘ಕೊಡು’, ‘ಹಂಚಿಕೊಳ್ಳು’, ‘ಅಡಗಿರು’ ಎಂಬ ಕ್ರಿಯಾಪದಗಳ ಅರ್ಥವನ್ನು ಯಾರೂ ಕೇಳುವುದಿಲ್ಲ. ರಸಾಯನಶಾಸ್ತ್ರದ ಪ್ರಾಥಮಿಕ ಪಾಠದಲ್ಲಿ ನಿಜವಾದ ವಿವರಣೆಯ ಹೊರೆಯನ್ನು ಹೊರುವುದು ಈ ಮನೆಮಾತಿನ ಪದಗಳೇ. ತಪ್ಪು ತಿಳಿವಳಿಕೆ ಮೊಳೆಯುವುದೂ ಅಲ್ಲಿಯೇ. ಪರಮಾಣು ರಚನೆ ಮತ್ತು ರಾಸಾಯನಿಕ ಬಂಧಗಳ ಮೂಲಪಾಠವನ್ನು ಈ ದೃಷ್ಟಿಯಿಂದ ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಕೋಲಾರ ಚಿನ್ನದ ಗಣಿ ಪ್ರದೇಶವನ್ನು ನಿದರ್ಶನವಾಗಿ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಲೋಹ, ಲವಣ, ಬೆಣಚುಕಲ್ಲು, ಸೈನೈಡ್ ಹೀಗೆ ಬಂಧದ ಎಲ್ಲ ಮುಖ್ಯ ಪ್ರಕಾರಗಳೂ ಆ ಒಂದೇ ಉದ್ಯಮದಲ್ಲಿ ಸೇರಿದ್ದವು ಎಂಬುದು ಮೊದಲನೆಯದು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಮೇಲೂ ಅವುಗಳ ರಾಸಾಯನಿಕ ಶೇಷ ಊರಿನ ನಡುವೆಯೇ ಗುಡ್ಡಗಳಾಗಿ ಉಳಿಯಿತು ಎಂಬುದು ಎರಡನೆಯದು. ಅಲ್ಲಿ ಬಂಧದ ಪಾಠವು ಪರೀಕ್ಷೆಗೆ ಮಾತ್ರ ಸೀಮಿತವಾದುದಲ್ಲ.

೨. ‘ಪರಮಾಣು’ ಮತ್ತು ‘ಅಣು’

ಪಠ್ಯಪುಸ್ತಕಗಳಲ್ಲಿ ‘ಪರಮಾಣು’ ಎಂದರೆ ಧಾತುವಿನ ಗುಣಗಳನ್ನು ಉಳಿಸಿಕೊಂಡ ಅತಿ ಚಿಕ್ಕ ಘಟಕ. ‘ಅಣು’ ಎಂದರೆ ಪರಮಾಣುಗಳು ಬಂಧಗೊಂಡು ಆದ ಗುಂಪು. ಪತ್ರಿಕೆಗಳ ಕನ್ನಡದಲ್ಲಾದರೋ ‘ಅಣುಬಾಂಬ್’, ‘ಅಣುಶಕ್ತಿ’, ‘ಅಣುಸ್ಥಾವರ’ ಎಂಬ ಪ್ರಯೋಗಗಳು ರೂಢವಾಗಿವೆ. ಅವುಗಳಲ್ಲಿ ‘ಅಣು’ ಎಂಬುದು ಪರಮಾಣುವಿನ ಬೀಜಕೇಂದ್ರವನ್ನು ಸೂಚಿಸುತ್ತದೆ. ಹೀಗೆ ಒಂದೇ ಪದ ತರಗತಿಯಲ್ಲಿ ಒಂದನ್ನೂ ದಿನಪತ್ರಿಕೆಯಲ್ಲಿ ಇನ್ನೊಂದನ್ನೂ ಹೇಳುತ್ತದೆ. ಈ ವ್ಯತ್ಯಾಸವನ್ನು ಪಾಠದ ಮೊದಲಲ್ಲೇ ಸ್ಪಷ್ಟಪಡಿಸದಿದ್ದರೆ ಮುಂದಿನ ವಿವರಣೆಯೆಲ್ಲ ಸಡಿಲ ನೆಲದ ಮೇಲೆ ನಿಲ್ಲುತ್ತದೆ.

ಈ ಪದಗಳಿಗೆ ದೀರ್ಘವಾದ ದಾರ್ಶನಿಕ ಇತಿಹಾಸವಿದೆ. ವೈಶೇಷಿಕ ದರ್ಶನದಲ್ಲಿ ಪರಮಾಣು ಅವಿಭಾಜ್ಯ, ನಿತ್ಯ. ಜೈನ ದರ್ಶನದಲ್ಲಿ ಪುದ್ಗಲದ ಪರಮಾಣುಗಳು ಕೂಡಿ ಸ್ಕಂಧಗಳಾಗುತ್ತವೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯವು ಈ ಕೂಡುವಿಕೆಯನ್ನು ‘ಬಂಧ’ವೆಂದೇ ಕರೆದು, ಸ್ನಿಗ್ಧ ಮತ್ತು ರೂಕ್ಷ ಗುಣಗಳು ಅದಕ್ಕೆ ಕಾರಣವೆನ್ನುತ್ತದೆ. ಪ್ರಾಚೀನ ಕನ್ನಡದ ಜೈನ ಕೃತಿಗಳನ್ನು ಬೋಧಿಸುವ ಅಧ್ಯಾಪಕರಿಗೆ ಇದು ಪರಿಚಿತ ವಿಷಯ. ಇದನ್ನು ಆಧುನಿಕ ರಸಾಯನಶಾಸ್ತ್ರದ ಪೂರ್ವಸೂಚನೆಯೆಂದು ಬಗೆಯುವುದು ಅನುಚಿತ. ಒಂದು ತರ್ಕದಿಂದ ಕಂಡುದು, ಇನ್ನೊಂದು ತೂಕ ಮತ್ತು ಅಳತೆಗಳಿಂದ ಕಂಡುದು. ಆದರೆ ‘ಬಂಧ’ವೆಂಬ ಪದಕ್ಕೆ ಈ ಅರ್ಥಚ್ಛಾಯೆ ಹೊಸದಲ್ಲವೆಂಬುದು ನೆನಪಿನಲ್ಲಿಡತಕ್ಕದ್ದು.

‘ಪರಮ’ ಎಂಬ ವಿಶೇಷಣ ಇಂದು ಅಕ್ಷರಶಃ ಸಲ್ಲುವುದಿಲ್ಲ. ೧೮೯೭ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದಂದಿನಿಂದ ಪರಮಾಣು ಅವಿಭಾಜ್ಯವಾಗಿ ಉಳಿದಿಲ್ಲ. ಅದರೊಳಗಿನ ಪ್ರೋಟಾನಾದರೂ ಶಾಶ್ವತವೇ ಎಂಬ ಪ್ರಶ್ನೆಯನ್ನು ಕೋಲಾರದ ಗಣಿಯೊಳಗೇ ಕೇಳಲಾಯಿತೆಂಬುದು ಗಮನಾರ್ಹ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳೊಡನೆ ೧೯೬೫ರಲ್ಲಿ ಅಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಗುರುತಿಸಿದ್ದರು. ೧೯೮೦ರ ದಶಕದಲ್ಲಿ ಸುಮಾರು ೨.೩ ಕಿಲೋಮೀಟರ್ ಆಳದಲ್ಲಿ, ಬಹುಪಾಲು ಕಬ್ಬಿಣದಿಂದಾದ ೧೪೦ ಟನ್ ತೂಕದ ಉಪಕರಣವನ್ನಿಟ್ಟು ಭಾರತ-ಜಪಾನ್ ತಂಡವು ಪ್ರೋಟಾನಿನ ಕ್ಷಯಕ್ಕಾಗಿ ಕಾದಿತು. ಪ್ರೋಟಾನ್ ಕ್ಷಯಿಸುತ್ತದೆಯೆಂಬುದು ಅಲ್ಲಿಯೂ ಬೇರೆಲ್ಲಿಯೂ ಇದುವರೆಗೆ ದೃಢಪಟ್ಟಿಲ್ಲ.

೩. ಚಿನ್ನದ ಪರಮಾಣುವಿನ ಒಳರಚನೆ

ಪರಮಾಣುವಿನ ಬೀಜಕೇಂದ್ರ ಪತ್ತೆಯಾದದ್ದೇ ಚಿನ್ನದ ಮೂಲಕ. ಗೈಗರ್ ಮತ್ತು ಮಾರ್ಸ್‌ಡೆನ್ ೧೯೦೯ರಲ್ಲಿ ತೆಳುವಾದ ಲೋಹದ ಹಾಳೆಗಳತ್ತ ಆಲ್ಫಾ ಕಣಗಳನ್ನು ಹಾಯಿಸಿದರು. ಆ ಹಾಳೆಗಳಲ್ಲಿ ಚಿನ್ನದ ರೇಕು ಪ್ರಮುಖವಾದುದು. ಬಹುತೇಕ ಕಣಗಳು ನೇರವಾಗಿ ಹಾದುಹೋದವು. ಅತ್ಯಲ್ಪ ಸಂಖ್ಯೆಯವು ಹಿಮ್ಮೆಟ್ಟಿ ಬಂದವು. ಪರಮಾಣುವಿನ ಹೆಚ್ಚುಕಡಿಮೆ ಸಮಗ್ರ ದ್ರವ್ಯರಾಶಿಯೂ ಧನಾವೇಶವೂ ಒಂದು ಅತಿ ಚಿಕ್ಕ ಕೇಂದ್ರದಲ್ಲಿದೆಯೆಂದು ರುದರ್‌ಫರ್ಡ್ ೧೯೧೧ರಲ್ಲಿ ಇದರಿಂದ ತೀರ್ಮಾನಿಸಿದನು. ಚಿನ್ನದ ಬೀಜಕೇಂದ್ರವನ್ನು ಒಂದು ಕಡಲೆಕಾಳಿನಷ್ಟು ಎಂದು ಭಾವಿಸಿದರೆ ಅದರ ಪರಮಾಣು ಸುಮಾರು ನೂರೈವತ್ತು ಮೀಟರ್ ಅಗಲದ ಮೈದಾನವಾಗುತ್ತದೆ.

ಧಾತುವನ್ನು ನಿರ್ಧರಿಸುವುದು ಬೀಜಕೇಂದ್ರದಲ್ಲಿರುವ ಪ್ರೋಟಾನುಗಳ ಸಂಖ್ಯೆ ಮಾತ್ರ. ೭೯ ಪ್ರೋಟಾನುಗಳಿದ್ದರೆ ಚಿನ್ನ. ೭೮ ಇದ್ದರೆ ಪ್ಲಾಟಿನಂ. ೮೦ ಇದ್ದರೆ ಪಾದರಸ. ರಾಸಾಯನಿಕ ಕ್ರಿಯೆಗಳೆಲ್ಲವೂ ಹೊರಗಿನ ಎಲೆಕ್ಟ್ರಾನುಗಳ ಮಟ್ಟದಲ್ಲಿ ನಡೆಯುತ್ತವೆ. ಬೀಜಕೇಂದ್ರವನ್ನು ಅವು ಮುಟ್ಟಲಾರವು. ರಸವಾದಿಗಳ ಶ್ರಮ ಫಲಿಸದಿದ್ದುದಕ್ಕೆ ಇದೇ ಕಾರಣ. ವಚನಗಳಲ್ಲಿ ಬರುವ ಪರುಷ ಕಬ್ಬಿಣವನ್ನು ಹೊನ್ನಾಗಿಸುವುದು ರೂಪಕವಾಗಿ ಸಾಧು, ರಸಾಯನಶಾಸ್ತ್ರದಲ್ಲಿ ಅಸಾಧ್ಯ. ಗಣಿಯ ಕಾರ್ಖಾನೆಯಲ್ಲಿ ಚಿನ್ನ ‘ಉತ್ಪಾದನೆ’ಯಾಗುತ್ತಿತ್ತು ಎಂಬ ಮಾತೂ ಈ ಅರ್ಥದಲ್ಲಿ ಸಡಿಲವಾದುದು. ಅಲ್ಲಿ ನಡೆಯುತ್ತಿದ್ದುದು ಬಂಡೆಯಲ್ಲಿ ಮೊದಲೇ ಇದ್ದ ಚಿನ್ನವನ್ನು ಬೇರ್ಪಡಿಸುವ ಕೆಲಸ.

ಚಿನ್ನದ ೭೯ ಎಲೆಕ್ಟ್ರಾನುಗಳು ಒಳಗಿನಿಂದ ಹೊರಕ್ಕೆ ೨, ೮, ೧೮, ೩೨, ೧೮, ೧ ಎಂಬ ಕ್ರಮದಲ್ಲಿ ಕವಚಗಳಲ್ಲಿ ಇವೆ. ಹೊರಗೆ ಒಂದೇ ಎಲೆಕ್ಟ್ರಾನ್ ಇರುವ ಸೋಡಿಯಂ ನೀರನ್ನು ಕಂಡರೆ ಉರಿದೇಳುತ್ತದೆ. ಹಾಗೆಯೇ ಒಂದೇ ಎಲೆಕ್ಟ್ರಾನ್ ಇರುವ ಚಿನ್ನ ಸಾವಿರಾರು ವರ್ಷ ಮಣ್ಣಿನಲ್ಲಿದ್ದರೂ ಮಾಸುವುದಿಲ್ಲ. ಚಿನ್ನದ ಭಾರವಾದ ಬೀಜಕೇಂದ್ರದ ಬಳಿ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಇದರಿಂದ ಹೊರ ಎಲೆಕ್ಟ್ರಾನಿನ ಕಕ್ಷಕವೂ ಸಂಕುಚಿತಗೊಂಡು ಆ ಎಲೆಕ್ಟ್ರಾನ್ ಬಿಗಿಯಾಗಿ ಹಿಡಿಯಲ್ಪಡುತ್ತದೆ. ಚಿನ್ನ ನೀಲಿ ಬೆಳಕನ್ನು ಹೀರಿ ಹಳದಿಯಾಗಿ ಕಾಣುವುದಕ್ಕೂ ಇದೇ ಪರಿಣಾಮ ಕಾರಣ. ಇಲ್ಲಿ ‘ಕಕ್ಷೆ’ ಮತ್ತು ‘ಕಕ್ಷಕ’ಗಳ ಭೇದವನ್ನು ಕಾಯ್ದುಕೊಳ್ಳಬೇಕು. ಕಕ್ಷೆಯೆಂದರೆ ಗ್ರಹವು ಸುತ್ತುವಂಥ ದಾರಿ. ಕಕ್ಷಕವೆಂದರೆ ಎಲೆಕ್ಟ್ರಾನ್ ಇರುವ ಸಂಭವ ಎಲ್ಲೆಲ್ಲಿ ಎಷ್ಟೆಷ್ಟು ಎಂಬುದನ್ನು ಹೇಳುವ ಹರವು. ಒಂದು ಅಕ್ಷರದ ವ್ಯತ್ಯಾಸದಲ್ಲಿ ೧೯೧೩ರ ಬೋರ್ ಮಾದರಿಗೂ ೧೯೨೦ರ ದಶಕದ ಕ್ವಾಂಟಂ ಸಿದ್ಧಾಂತಕ್ಕೂ ಇರುವ ಅಂತರ ಅಡಕವಾಗಿದೆ.

೪. ಧನ, ಋಣ ಮತ್ತು ಅಯಾನಿಕ ಬಂಧ

ಸೋಡಿಯಂ ಒಂದು ಎಲೆಕ್ಟ್ರಾನನ್ನು ಕೊಟ್ಟು ಧನ ಅಯಾನ್ ಆಗುತ್ತದೆ. ಕ್ಲೋರಿನ್ ಅದನ್ನು ಪಡೆದು ಋಣ ಅಯಾನ್ ಆಗುತ್ತದೆ. ಕೊಟ್ಟದ್ದು ‘ಧನ’ವಾಗುವುದೂ ಪಡೆದದ್ದು ‘ಋಣ’ವಾಗುವುದೂ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಗೊಂದಲ ತರುವ ಸಂಗತಿ. ಭಾಷೆಯ ಇತಿಹಾಸ ಇಲ್ಲಿ ನೆರವಾಗುತ್ತದೆ. ಧರ್ಮಶಾಸ್ತ್ರಗಳ ವ್ಯವಹಾರ ಪ್ರಕರಣಗಳಲ್ಲಿ ಸಾಲ ಕೊಟ್ಟವನು ‘ಧನಿಕ’, ಕೊಂಡವನು ‘ಋಣಿಕ’. ಎಲೆಕ್ಟ್ರಾನನ್ನು ಕೊಂಡದ್ದು ಋಣಿಯಾಯಿತು ಎಂದರೆ ಕ್ರಮ ನೆನಪಿನಲ್ಲಿ ನಿಲ್ಲುತ್ತದೆ.

ಆದರೆ ಈ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಸಾಲದ ಸಂಬಂಧ ಕೊಟ್ಟವನಿಗೂ ಕೊಂಡವನಿಗೂ ನಡುವೆ ಮಾತ್ರ ಇರುತ್ತದೆ. ಇದನ್ನೇ ಉಪ್ಪಿಗೆ ಅನ್ವಯಿಸಿದ ವಿದ್ಯಾರ್ಥಿ, ಪ್ರತಿಯೊಂದು ಸೋಡಿಯಂ ತಾನು ಕೊಟ್ಟ ಕ್ಲೋರಿನ್ನಿಗೆ ಮಾತ್ರ ಅಂಟಿಕೊಂಡ ಜೋಡಿಯೆಂದು ತಿಳಿಯುತ್ತಾನೆ. ಉಪ್ಪಿನ ಹರಳಿನಲ್ಲಿ ಅಂಥ ಜೋಡಿಗಳಿಲ್ಲ. ಒಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳೂ ಒಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ ಅಯಾನುಗಳೂ ಇರುತ್ತವೆ. ಆರರ ಸೆಳೆತವೂ ಸಮಾನ. ಕೊಟ್ಟುಕೊಂಡ ವ್ಯವಹಾರ ಬಂಧಕ್ಕೆ ಹಿನ್ನೆಲೆ ಮಾತ್ರ. ವಿರುದ್ಧ ಆವೇಶಗಳ ಪರಸ್ಪರ ಆಕರ್ಷಣೆಯೇ ಬಂಧ. ಆದ್ದರಿಂದ ‘ಸೋಡಿಯಂ ಕ್ಲೋರೈಡಿನ ಒಂದು ಅಣು’ ಎಂಬ ಪ್ರಯೋಗ ತಪ್ಪು.

‘ಆವೇಶ’ವೆಂಬ ಪದಕ್ಕೂ ಒಂದು ಮಾತು ಸಲ್ಲುತ್ತದೆ. ಲೋಕರೂಢಿಯಲ್ಲಿ ಆವೇಶವೆಂದರೆ ಮೈಮೇಲೆ ಬರುವುದು, ಬಂದು ಹೋಗುವುದು. ಎಲೆಕ್ಟ್ರಾನಿನ ಆವೇಶ ಹಾಗೆ ಬಂದುದಲ್ಲ, ಹೋಗುವುದೂ ಅಲ್ಲ. ಅದು ಕಣದ ಸ್ವಭಾವ. ಕೆಲವರು ಬಳಸುವ ‘ವಿದ್ಯುದಂಶ’ ಎಂಬ ಪದದಲ್ಲಿ ಈ ತೊಡಕಿಲ್ಲ.

೫. ‘ಹಂಚಿಕೆ’ ಮತ್ತು ಸಹವೇಲೆನ್ಸೀಯ ಬಂಧ

ಎರಡು ಪರಮಾಣುಗಳು ‘ಎಲೆಕ್ಟ್ರಾನುಗಳನ್ನು ಹಂಚಿಕೊಂಡಾಗ’ ಸಹವೇಲೆನ್ಸೀಯ ಬಂಧ ಏರ್ಪಡುತ್ತದೆಯೆಂದು ಪಾಠಗಳಲ್ಲಿ ಹೇಳಲಾಗುತ್ತದೆ. ಇದು ಇಡೀ ಪಾಠದ ಅತ್ಯಂತ ಸರಳ ವಾಕ್ಯದಂತೆ ಕಾಣುತ್ತದೆ. ವಾಸ್ತವವಾಗಿ ಅತ್ಯಂತ ಅಪಾಯಕಾರಿಯಾದುದೂ ಇದೇ. ‘ಅಣ್ಣತಮ್ಮಂದಿರು ಜಮೀನು ಹಂಚಿಕೊಂಡರು’ ಎಂದರೆ ಅವರು ಬೇರೆಯಾದರು ಎಂದು ಅರ್ಥ. ಹಂಚುವುದೆಂದರೆ ಪಾಲು ಮಾಡುವುದು. ಹಂಚಿಕೊಂಡ ಮೇಲೆ ಅವರವರ ಪಾಲು ಅವರವರದು. ಹಳಗನ್ನಡದ ‘ಪಂಚು’, ತೆಲುಗಿನ ‘ಪಂಚುಕೊನು’ಗಳಲ್ಲಿಯೂ ಇದೇ ಅರ್ಥ ಪ್ರಧಾನ. ಬಂಗಾರಪೇಟೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದುವ, ಮನೆಯಲ್ಲಿ ತೆಲುಗು ಆಡುವ ವಿದ್ಯಾರ್ಥಿಗೂ ಇದೇ ಚಿತ್ರ ಮೂಡುವುದು ಸಹಜ.

ಸಹವೇಲೆನ್ಸೀಯ ಬಂಧದಲ್ಲಿ ನಡೆಯುವುದು ಇದಕ್ಕೆ ತೀರಾ ವಿರುದ್ಧ. ಎರಡು ಎಲೆಕ್ಟ್ರಾನುಗಳ ಜೋಡಿ ಎರಡೂ ಬೀಜಕೇಂದ್ರಗಳ ಸೆಳೆತಕ್ಕೆ ಏಕಕಾಲದಲ್ಲಿ ಒಳಗಾಗಿರುತ್ತದೆ; ಇದು ನಿನ್ನದು, ಇದು ನನ್ನದು ಎಂಬ ವಿಂಗಡಣೆ ಇರುವುದಿಲ್ಲ. ಅವಿಭಕ್ತ ಕುಟುಂಬದ ಜಂಟಿ ಆಸ್ತಿ ಇದಕ್ಕೆ ಸರಿಯಾದ ಹೋಲಿಕೆ. ‘ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಜಂಟಿಯಾಗಿ ಹೊಂದಿರುತ್ತವೆ’ ಎಂದರೆ ಪದವೂ ಸುಲಭ, ಅರ್ಥವೂ ಖಚಿತ. ಒಂದು ಪರಮಾಣುವಿನ ಸೆಳೆತ ಹೆಚ್ಚಿದ್ದರೆ ಆ ಜೋಡಿ ಅದರ ಕಡೆಗೆ ವಾಲುತ್ತದೆಂಬುದನ್ನೂ ಈ ಹೋಲಿಕೆಯಿಂದ ವಿವರಿಸಬಹುದು. ಜಂಟಿ ಆಸ್ತಿಯಲ್ಲಿ ಯಜಮಾನನ ಕೈ ಮೇಲಾಗುವಂತೆ.

ಹೆಸರುಗಳೂ ಇಲ್ಲಿ ದಾರಿ ತಪ್ಪಿಸಬಲ್ಲವು. ಇಂಗಾಲದ ಡೈಆಕ್ಸೈಡ್ ಮತ್ತು ಸಿಲಿಕಾನ್ ಡೈಆಕ್ಸೈಡ್ ಎಂಬ ಹೆಸರುಗಳು ಒಂದೇ ಅಚ್ಚಿನವು. ಮೊದಲನೆಯದು ಒಂದು ಇಂಗಾಲ, ಎರಡು ಆಕ್ಸಿಜನ್ ಇರುವ ಬಿಡಿ ಅಣುಗಳ ಅನಿಲ. ಎರಡನೆಯದು ಕೋಲಾರದ ಚಿನ್ನದ ಎಳೆಗಳನ್ನು ಹೊತ್ತ ಬೆಣಚುಕಲ್ಲು. ಅದರಲ್ಲಿ ಬಿಡಿ ಅಣುಗಳೇ ಇಲ್ಲ. ಪ್ರತಿಯೊಂದು ಸಿಲಿಕಾನ್ ನಾಲ್ಕು ಆಕ್ಸಿಜನ್‌ಗಳಿಗೂ ಪ್ರತಿಯೊಂದು ಆಕ್ಸಿಜನ್ ಎರಡು ಸಿಲಿಕಾನ್‌ಗಳಿಗೂ ಬಂಧಗೊಂಡು, ಹರಳು ಮುಗಿಯುವವರೆಗೂ ಒಂದೇ ಹೆಣಿಗೆಯಾಗಿ ಹಬ್ಬಿರುತ್ತದೆ. ಅದು ಗಟ್ಟಿಯಾಗಿರುವುದೂ ನೀರಿನಲ್ಲಿ ಸುಲಭವಾಗಿ ಕರಗದಿರುವುದೂ ಈ ಹೆಣಿಗೆಯಿಂದ.

೬. ಲೋಹೀಯ ಬಂಧ: ಗೋಮಾಳದ ಹೋಲಿಕೆ

ಚಿನ್ನದ ತುಂಡಿನಲ್ಲಿ ಕೊಟ್ಟು ಪಡೆದ ವ್ಯವಹಾರವೂ ಇಲ್ಲ, ಇಬ್ಬರ ನಡುವಿನ ಜಂಟಿ ಆಸ್ತಿಯೂ ಇಲ್ಲ. ಹೊರ ಎಲೆಕ್ಟ್ರಾನುಗಳು ಇಡೀ ತುಂಡಿಗೆ ಸೇರಿರುತ್ತವೆ. ಪಠ್ಯಗಳು ಇದನ್ನು ‘ಎಲೆಕ್ಟ್ರಾನುಗಳ ಸಮುದ್ರ’ವೆನ್ನುತ್ತವೆ. ಸಮುದ್ರ ಕಾಣದ ಕೋಲಾರ ಸೀಮೆಯ ಮಕ್ಕಳಿಗೆ ಊರ ಗೋಮಾಳ ಹೆಚ್ಚು ಹತ್ತಿರವಾದ ಚಿತ್ರ: ಯಾರೊಬ್ಬರ ಹೆಸರಿನಲ್ಲೂ ಇಲ್ಲದ, ಎಲ್ಲರಿಗೂ ಸೇರಿದ ನೆಲ. ಲೋಹವನ್ನು ಬಡಿದಾಗ ಪರಮಾಣುಗಳ ಪದರಗಳು ಜರುಗಿದರೂ ಅವು ಅದೇ ಗೋಮಾಳದೊಳಗೇ ಉಳಿಯುತ್ತವೆ, ಬಂಧ ಕಡಿಯುವುದಿಲ್ಲ. ಒಂದು ಗ್ರಾಂ ಚಿನ್ನವನ್ನು ಎರಡು ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಲು ಸಾಧ್ಯವಾಗುವುದು ಇದರಿಂದ. ಉಪ್ಪಿನ ಹರಳನ್ನು ಬಡಿದರೆ ಸಮಾನ ಆವೇಶಗಳು ಎದುರುಬದುರಾಗಿ, ಪರಸ್ಪರ ತಳ್ಳಿ, ಹರಳು ಒಡೆಯುತ್ತದೆ.

೭. ಬಂಧ ಮತ್ತು ಶಕ್ತಿ

ಕನ್ನಡದಲ್ಲಿ ‘ಬಂಧ’ದ ಸುತ್ತ ಬಂಧು, ಸಂಬಂಧ, ಪ್ರಬಂಧಗಳಿರುವಂತೆ ಬಂಧನವೂ ಇದೆ. ಬಂಧನದಿಂದ ಬಿಡುಗಡೆಯಾದರೆ ಶಕ್ತಿ ಬರುತ್ತದೆಂಬ ಭಾವನೆ ಭಾಷೆಯಲ್ಲಿಯೇ ನೆಲೆಸಿದೆ. ‘ಬಂಧಗಳಲ್ಲಿ ಶಕ್ತಿ ಅಡಗಿದೆ, ಬಂಧ ಮುರಿದಾಗ ಅದು ಹೊರಬರುತ್ತದೆ’ ಎಂಬ ವಾಕ್ಯ ಇದಕ್ಕೆ ಒತ್ತಾಸೆ ನೀಡುತ್ತದೆ. ಸತ್ಯ ಇದರ ವಿಲೋಮ. ಬಂಧ ಏರ್ಪಡುವಾಗ ಶಕ್ತಿ ಹೊರಬೀಳುತ್ತದೆ. ಅದನ್ನು ಮುರಿಯಲು ಶಕ್ತಿ ತೆರಬೇಕಾಗುತ್ತದೆ. ಸುಮಾರು ೨ ಗ್ರಾಂ ಹೈಡ್ರೋಜನ್ ಅನಿಲದ ಅಣುಗಳನ್ನು ಬಿಡಿ ಪರಮಾಣುಗಳನ್ನಾಗಿ ಮಾಡಲು ಸುಮಾರು ೪೩೬ ಕಿಲೋಜೌಲ್ ಶಕ್ತಿ ಬೇಕು.

ಗಣಿಯ ಬಾವಿಯೇ ಇದಕ್ಕೆ ತಕ್ಕ ಉಪಮಾನ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ಅಷ್ಟು ಕೆಳಗಿನಿಂದ ಅದಿರನ್ನು ಮೇಲೆತ್ತಲು ಶಕ್ತಿ ವ್ಯಯಿಸಬೇಕು. ಗಣಿಗಳಿಗೆ ವಿದ್ಯುತ್ ಪೂರೈಸಲೆಂದೇ ೧೯೦೨ರಲ್ಲಿ ಶಿವನಸಮುದ್ರದಿಂದ ತಂತಿ ಎಳೆಯಲಾಯಿತು. ಬಂಧಗೊಂಡ ಪರಮಾಣುಗಳು ಬಾವಿಯ ತಳದಲ್ಲಿರುವ ಕಲ್ಲಿನಂತೆ. ಬಂಧ ಎಷ್ಟು ಬಲವೋ ಬಾವಿ ಅಷ್ಟು ಆಳ. ಇದ್ದಿಲು ಉರಿಯುವಾಗ ಶಕ್ತಿ ದೊರೆಯುವುದು ಹಳೆಯ ಬಂಧಗಳು ಮುರಿದುದರಿಂದಲ್ಲ. ಇಂಗಾಲ ಮತ್ತು ಆಕ್ಸಿಜನ್‌ಗಳು ಇನ್ನೂ ಆಳವಾದ ಬಾವಿಗೆ ಇಳಿದುದರಿಂದ.

೮. ಸೈನೈಡ್ ತೊಟ್ಟಿಯಿಂದ ‘ಸೈನೈಡ್ ಗುಡ್ಡ’ಕ್ಕೆ

ಈ ಎಲ್ಲ ಬಂಧಗಳೂ ಒಂದೆಡೆ ಸೇರುತ್ತಿದ್ದುದು ಸೈನೈಡ್ ತೊಟ್ಟಿಯಲ್ಲಿ. ೧೮೮೭ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ರೂಪಿಸಿದ ವಿಧಾನ ಮುಂದೆ ಕೋಲಾರದಲ್ಲಿಯೂ ಬಳಕೆಗೆ ಬಂದಿತು. ಪುಡಿಮಾಡಿದ ಅದಿರನ್ನು ಸೋಡಿಯಂ ಸೈನೈಡಿನ ತೆಳು ದ್ರಾವಣದಲ್ಲಿ ಗಾಳಿಯಾಡುವಂತೆ ಕಲಕಿದರೆ ಚಿನ್ನ ಕರಗುತ್ತದೆ. ನಾಲ್ಕು ಚಿನ್ನದ ಪರಮಾಣುಗಳಿಗೆ ಎಂಟು ಸೈನೈಡ್ ಅಯಾನುಗಳೂ ಒಂದು ಆಕ್ಸಿಜನ್ ಅಣುವೂ ಎರಡು ನೀರಿನ ಅಣುಗಳೂ ಬೇಕು. ಸೋಡಿಯಮಿಗೂ ಸೈನೈಡಿಗೂ ನಡುವೆ ಇರುವುದು ಅಯಾನಿಕ ಬಂಧ. ಸೈನೈಡಿನೊಳಗೆ ಇಂಗಾಲಕ್ಕೂ ನೈಟ್ರೋಜನ್ನಿಗೂ ನಡುವೆ ಇರುವುದು ಮೂರು ಜೋಡಿ ಎಲೆಕ್ಟ್ರಾನುಗಳ ಸಹವೇಲೆನ್ಸೀಯ ಬಂಧ. ಕರಗುವ ಮುನ್ನ ಚಿನ್ನದಲ್ಲಿದ್ದುದು ಲೋಹೀಯ ಬಂಧ. ಕರಗಿದ ಮೇಲೆ ಎರಡು ಸೈನೈಡುಗಳು ಚಿನ್ನದ ಅಯಾನನ್ನು ಎರಡು ಕಡೆಗಳಿಂದ ಹಿಡಿಯುತ್ತವೆ. ಈ ಬಂಧದಲ್ಲಿ ಜೋಡಿಯ ಎರಡೂ ಎಲೆಕ್ಟ್ರಾನುಗಳನ್ನು ಸೈನೈಡೇ ಒದಗಿಸುತ್ತದೆ. ಆಮೇಲೆ ಸತುವಿನ ಪುಡಿ ಹಾಕಿದರೆ ಸತು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ದ್ರಾವಣಕ್ಕೆ ಸೇರುತ್ತದೆ, ಚಿನ್ನ ಮತ್ತೆ ಲೋಹವಾಗಿ ಕೆಳಗಿಳಿಯುತ್ತದೆ.

ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದು ಆದ ದಿಬ್ಬಗಳನ್ನು ಜನ ‘ಸೈನೈಡ್ ಗುಡ್ಡ’ಗಳೆಂದು ಕರೆದರು. ಅವುಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕಿದ ಪುಡಿ ಇದೆಯೆಂಬುದು ಅಂದಾಜು. ಬೇಸಗೆಯ ಗಾಳಿಗೆ ಅದು ಎದ್ದು ಮನೆಗಳ ಮೇಲೆ ಬೀಳುವುದು ಅಲ್ಲಿಯ ನಿವಾಸಿಗಳ ಬಹುಕಾಲದ ದೂರು. ಹೆಸರನ್ನು ನಂಬಿದವರಿಗೆ ಅಪಾಯವೆಂದರೆ ಸೈನೈಡ್ ಒಂದೇ. ಬಂಧಗಳ ತಿಳಿವಳಿಕೆ ಬೇರೆಯೇ ಚಿತ್ರವನ್ನು ಕೊಡುತ್ತದೆ.

ಬಿಡಿಯಾದ ಸೈನೈಡ್ ಅಯಾನ್ ತೀವ್ರ ವಿಷ; ಆದರೆ ಬಯಲಿನಲ್ಲಿ ಅದು ಬಹುಕಾಲ ಉಳಿಯುವಂಥದಲ್ಲ. ಸುಣ್ಣದ ಕ್ಷಾರಗುಣ ಇರುವವರೆಗೆ ದ್ರಾವಣದಲ್ಲಿ ನಿಲ್ಲುತ್ತದೆ. ಮಳೆಯಿಂದಲೂ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದಲೂ ಕ್ಷಾರ ತಗ್ಗಿದಂತೆ ಹೈಡ್ರೋಜನ್ ಸೈನೈಡ್ ಅನಿಲವಾಗಿ ಹೋಗುತ್ತದೆ. ಸೂಕ್ಷ್ಮಜೀವಿಗಳೂ ಅದನ್ನು ಒಡೆಯುತ್ತವೆ. ಕಬ್ಬಿಣದೊಡನೆ ಬಂಧಗೊಂಡ ಸೈನೈಡಿನ ಕಥೆ ಬೇರೆ. ಒಂದು ಕಬ್ಬಿಣದ ಅಯಾನಿನ ಸುತ್ತ ಆರು ಸೈನೈಡುಗಳು ಬಿಗಿಯಾಗಿ ಹಿಡಿದಿರುವುದರಿಂದ ಅದು ದೀರ್ಘಕಾಲ ಉಳಿಯುತ್ತದೆ. ಅದೇ ಬಿಗಿತದಿಂದ ಅದರ ವಿಷವೂ ಬಹಳ ಕಡಿಮೆ. ಬಿಸಿಲಿಗೆ ಮಾತ್ರ ನಿಧಾನವಾಗಿ ಸೈನೈಡನ್ನು ಬಿಟ್ಟುಕೊಡುತ್ತದೆ. ನೀರಿನ ಪರೀಕ್ಷಾ ವರದಿಯಲ್ಲಿ ‘ಒಟ್ಟು ಸೈನೈಡ್’ ಮತ್ತು ‘ಮುಕ್ತ ಸೈನೈಡ್’ ಎಂದು ಪ್ರತ್ಯೇಕ ಅಂಕಿಗಳಿರುವುದು ಇದಕ್ಕಾಗಿ. ಈ ಎರಡು ಪದಗಳ ಭೇದ ತಿಳಿಯದವರಿಗೆ ಆ ವರದಿ ಅನಗತ್ಯ ಭಯವನ್ನಾಗಲಿ ಸುಳ್ಳು ಧೈರ್ಯವನ್ನಾಗಲಿ ಕೊಡಬಲ್ಲದು.

ಗುಡ್ಡದ ಬಹುಭಾಗ ಸೈನೈಡ್ ಅಲ್ಲವೇ ಅಲ್ಲ. ನುಣ್ಣಗೆ ಅರೆದ ಬಂಡೆ ಮತ್ತು ಬೆಣಚುಕಲ್ಲು. ಸೈನೈಡ್ ಒಡೆದುಹೋಗಬಹುದು, ಸಿಲಿಕಾದ ಹೆಣಿಗೆ ಒಡೆಯುವುದಿಲ್ಲ. ಶ್ವಾಸಕೋಶ ಸೇರಿದ ಅದರ ಸೂಕ್ಷ್ಮ ಕಣವನ್ನು ದೇಹ ಕರಗಿಸಲಾರದು. ಗಣಿ ಕಾರ್ಮಿಕರನ್ನು ಬಾಧಿಸಿದ ಸಿಲಿಕೋಸಿಸ್ ರೋಗದ ಮೂಲ ಇದೇ. ಕೆಲಸದ ಸ್ಥಳಗಳಲ್ಲಿ ಉಸಿರಿನೊಡನೆ ಒಳಸೇರುವ ಸ್ಫಟಿಕರೂಪಿ ಸಿಲಿಕಾವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೯೭ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಗುಡ್ಡದ ಹೆಸರು ವಿಷವನ್ನು ಹೇಳುತ್ತದೆ, ಧೂಳನ್ನು ಹೇಳುವುದಿಲ್ಲ.

೯. ಸಮಾರೋಪ

ಬೌರಿಂಗ್ ಎಂಬ ಕಮಿಷನರನ ಹೆಸರಿನ ಬೌರಿಂಗ್‌ಪೇಟೆ ಜನರ ಬಾಯಲ್ಲಿ ಬಂಗಾರಪೇಟೆಯಾಯಿತು. ಅಪರಿಚಿತ ಪದವನ್ನು ಪರಿಚಿತ ಅರ್ಥದತ್ತ ಎಳೆದುಕೊಳ್ಳುವುದು ಭಾಷೆಯ ಸಹಜ ಧರ್ಮ. ಊರಿನ ಹೆಸರಿನಲ್ಲಿ ಅದರಿಂದ ಹಾನಿಯಿಲ್ಲ. ವಿಜ್ಞಾನದ ಪಾಠದಲ್ಲಿ ಅದೇ ಧರ್ಮ ಜಂಟಿ ಹಿಡುವಳಿಯನ್ನು ಪಾಲಾಗಿಯೂ ಹರಳನ್ನು ಜೋಡಿಯಾಗಿಯೂ ಆಳವನ್ನು ಭಂಡಾರವಾಗಿಯೂ ಬದಲಿಸಿಬಿಡುತ್ತದೆ.

ಆದ್ದರಿಂದ ಪಠ್ಯರಚನೆಯಲ್ಲಿ ಕನ್ನಡ ಅಧ್ಯಾಪಕರ ಪಾತ್ರ ಕಾಗುಣಿತ ತಿದ್ದುವುದಕ್ಕೂ ಪಾರಿಭಾಷಿಕ ಪದಗಳ ಪಟ್ಟಿ ಮಾಡುವುದಕ್ಕೂ ಸೀಮಿತವಾಗಬಾರದು. ಪ್ರತಿ ಪಾಠದ ಕ್ರಿಯಾಪದಗಳನ್ನು ವಿಷಯತಜ್ಞರೊಡನೆ ಕುಳಿತು ಪರಿಶೀಲಿಸುವುದು ಅವರಿಂದಲೇ ಆಗಬೇಕಾದ ಕೆಲಸ. ‘ಹಂಚಿಕೊಳ್ಳು’ ಎಂಬುದು ಯಾವ ಸಂದರ್ಭದಲ್ಲಿ ಏನನ್ನು ಸೂಚಿಸುತ್ತದೆಂದು ಹೇಳಬಲ್ಲವರು ರಸಾಯನಶಾಸ್ತ್ರಜ್ಞರಲ್ಲ, ಭಾಷಾಧ್ಯಯನಿಗಳು. ಎಲೆಕ್ಟ್ರಾನ್ ಏನು ಮಾಡುತ್ತದೆಂದು ಹೇಳಬಲ್ಲವರು ರಸಾಯನಶಾಸ್ತ್ರಜ್ಞರು. ಇಬ್ಬರೂ ಕೂಡಿ ಬರೆದ ವಾಕ್ಯ ಮಾತ್ರ ಗುಡ್ಡದ ಬುಡದ ಮನೆಯಲ್ಲಿ ಕುಳಿತು ಓದುವ ವಿದ್ಯಾರ್ಥಿಗೆ ತನ್ನ ಮನೆಯ ಧೂಳಿನಲ್ಲಿ ಏನಿದೆಯೆಂದು ತಿಳಿಸಬಲ್ಲದು.